ಎರಡು ಘಳಿಗೆಯ ಸಾಮಾಯಿಕವೂ ಸಮಾಜದ ಆರೋಗ್ಯವೂ

(ಮಾಳಮಡ್ಡಿಯ ಬಸದಿಯ ಪ್ರತಿಷ್ಠಾ ಮಹೋತ್ಸವದ ಶ್ರಾವಕ ಸಭೆಯಲ್ಲಿ ಮಾಡಿದ ಭಾಷಣ)

  

ಇಂತಹ ಪುಣ್ಯ ಸಮಾರಂಭದಲ್ಲಿ ಮಾತನಾಡುವಷ್ಟು ಪಾಂಡಿತ್ಯ ನನ್ನಲ್ಲಿಲ್ಲ. ಮೆಟ್ರಿಕ್‌ವರೆಗೆ ಓದಿ, ಅನಂತರ ಕಿರಾಣಿ ಅಂಗಡಿಯ ಗಾದಿಯ ಮೇಲೆ ಕುಳಿತವನು ನಾನು. ಶಾಸ್ತ್ರವನ್ನು ಗುರುಗಳ ಬಾಯಿಂದ ಕೇಳಿದ್ದೇನೆ, ಬಿಡುವಾದಾಗ ಅಷ್ಟಿಷ್ಟು ಓದಿದ್ದೇನೆ. ಆದರೂ ಸಮಿತಿಯವರು ಪ್ರೀತಿಯಿಂದ ಆಜ್ಞಾಪಿಸಿದ್ದರಿಂದ, ವ್ಯಾಪಾರಸ್ಥನೊಬ್ಬನ ದೃಷ್ಟಿಗೆ ಕಾಣುವ ಒಂದೇ ಒಂದು ವಿಷಯವನ್ನು ತಮ್ಮ ಮುಂದಿಡಲು ಇಚ್ಛಿಸುತ್ತೇನೆ. ನಮ್ಮ ಚಿತ್ತವನ್ನು ನಾವು ಹೇಗೆ ಕಾಯ್ದುಕೊಳ್ಳಬೇಕು, ಅದನ್ನು ಕಾಯ್ದುಕೊಳ್ಳದಿದ್ದರೆ ಸಮಾಜಕ್ಕೆ ಆಗುವ ಹಾನಿ ಏನು, ಇದಕ್ಕೆ ನಮ್ಮ ಆಚಾರ್ಯರು ಹಾಕಿಕೊಟ್ಟ ದಾರಿ ಯಾವುದು ಎಂಬುದೇ ಆ ವಿಷಯ.

ಮೊದಲಿಗೆ ಒಂದು ಶಬ್ದದ ವಿಚಾರ. ‘ಉಪಯೋಗ’ ಎಂಬ ಶಬ್ದವನ್ನು ನಾವು ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಈ ಸಾಮಾನು ಉಪಯೋಗಕ್ಕೆ ಬರುತ್ತದೆ, ಆ ಮನುಷ್ಯ ಉಪಯೋಗಕ್ಕೆ ಬೀಳುತ್ತಾನೆ ಎನ್ನುತ್ತೇವೆ. ಆದರೆ ಆಗಮದಲ್ಲಿ ಈ ಶಬ್ದಕ್ಕೆ ಬೇರೆಯೇ ಅರ್ಥವಿದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಜೀವದ ಲಕ್ಷಣವೇ ಉಪಯೋಗವೆಂದು ನಿರ್ಣಯಿಸಿದ್ದಾರೆ. ತಿಳಿಯುವ, ಕಾಣುವ ಕಡೆಗೆ ಚೈತನ್ಯವು ತಿರುಗುವ ವ್ಯಾಪಾರವೇ ಉಪಯೋಗ. ಕಲ್ಲಿಗೂ ಕಂಬಕ್ಕೂ ಇಲ್ಲದ್ದು, ಇರುವೆಗೂ ನಮಗೂ ಇರುವಂಥದು ಅದೊಂದೇ. ಭಗವಾನ್ ಕುಂದಕುಂದಾಚಾರ್ಯರು ಇದನ್ನೇ ಅಶುಭ, ಶುಭ, ಶುದ್ಧವೆಂದು ಮೂರು ಬಗೆಯಾಗಿ ವಿವರಿಸಿದರು. ಆದುದರಿಂದ ಒಬ್ಬನ ಲಕ್ಷ್ಯವನ್ನು ಇನ್ನೊಬ್ಬನು ಅಪಹರಿಸಿದರೆ ಅವನ ಕಾಲವಷ್ಟೇ ಹೋಗುವುದಿಲ್ಲ; ಜೀವವು ಜೀವವೆನಿಸಿಕೊಳ್ಳುವ ಗುರುತೇ ಪರರ ಕೈವಶವಾಗುತ್ತದೆ.

ಶಾಸ್ತ್ರದ ಇನ್ನೊಂದು ಮಾತನ್ನೂ ಇಲ್ಲಿ ನೆನೆಯಬೇಕು. ದರ್ಶನ ಮತ್ತು ಜ್ಞಾನ ಎಂಬ ಎರಡು ಉಪಯೋಗಗಳು ಏಕಕಾಲಕ್ಕೆ ನಡೆಯುವುದು ಕೇವಲಿ ಭಗವಂತರಲ್ಲಿ ಮಾತ್ರ. ನಮ್ಮಂತಹ ಛದ್ಮಸ್ಥರಲ್ಲಿ ಅವು ಒಂದಾದ ಮೇಲೊಂದಾಗಿಯೇ ನಡೆಯತಕ್ಕವು. ಹೀಗಿರುವಾಗ ಊಟ ಮಾಡುತ್ತ, ಮಗನ ಮಾತು ಕೇಳುತ್ತ, ಕೈಯೊಳಗಿನ ಮೊಬೈಲನ್ನೂ ನೋಡುತ್ತ ‘ಮೂರೂ ಕೆಲಸ ಒಟ್ಟಿಗೆ ಮಾಡುತ್ತಿದ್ದೇನೆ’ ಎಂದು ಹೇಳುವವನು ತನಗಿಲ್ಲದ ಶಕ್ತಿಯನ್ನು ಹೇಳಿಕೊಳ್ಳುತ್ತಾನೆ. ಮೂರರಲ್ಲಿ ಎರಡು ಅರ್ಧಕ್ಕೇ ನಿಂತಿರುತ್ತವೆ. ಆ ಎರಡರಲ್ಲಿ ಮಗನ ಮಾತು ಸಾಮಾನ್ಯವಾಗಿ ಒಂದಾಗಿರುತ್ತದೆ.

ಈಗ ಪೇಟೆಯ ಮಾತಿಗೆ ಬರುತ್ತೇನೆ. ನಾವು ವ್ಯಾಪಾರಸ್ಥರು; ಯಾವ ಸಾಮಾನೂ ಪುಕ್ಕಟೆ ಬರುವುದಿಲ್ಲವೆಂಬುದು ನಮಗೆ ಗೊತ್ತು. ಒಬ್ಬ ಅಂಗಡಿಕಾರನು ಬಾಗಿಲಲ್ಲಿ ನಿಂತು ದಿನವಿಡೀ ಬಂದವರಿಗೆಲ್ಲ ಸಕ್ಕರೆ ಹಂಚುತ್ತಿದ್ದರೆ, ಇವನ ಲಾಭ ಎಲ್ಲಿದೆ ಎಂದು ಕೇಳದೆ ನಾವು ಬಿಡುವುದಿಲ್ಲ. ಆದರೆ ಮೊಬೈಲಿನಲ್ಲಿ ಸಾವಿರಾರು ಚಿತ್ರ, ಹಾಡು, ಸುದ್ದಿಗಳು ಪುಕ್ಕಟೆ ದೊರೆಯುವಾಗ ನಾವು ಆ ಪ್ರಶ್ನೆಯನ್ನೇ ಕೇಳುತ್ತಿಲ್ಲ. ಅಲ್ಲಿ ಹಣ ಕೊಡುವವನು ಜಾಹೀರಾತುದಾರ. ಅವನು ಕೊಳ್ಳುತ್ತಿರುವ ಸರಕು ನಮ್ಮ ಲಕ್ಷ್ಯ. ಅಮೆರಿಕದ ಹರ್ಬರ್ಟ್ ಸೈಮನ್ ಎಂಬ ವಿದ್ವಾಂಸರು 1971ರಷ್ಟು ಹಿಂದೆಯೇ, ಮಾಹಿತಿಯ ಸಂಪತ್ತು ಬೆಳೆದಂತೆಲ್ಲ ಮನುಷ್ಯನ ಲಕ್ಷ್ಯಕ್ಕೆ ಬಡತನ ಬರುವುದೆಂಬ ವಿಚಾರವನ್ನು ಮಂಡಿಸಿದ್ದರು. 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಆಗ ಕೈಯಲ್ಲಿ ಹಿಡಿಯುವ ಈ ಯಂತ್ರವೇ ಹುಟ್ಟಿರಲಿಲ್ಲ.

ನಮ್ಮ ಧಾರವಾಡದ ಆಕಾಶವಾಣಿ ಕೇಂದ್ರವು 1950ರ ಜನವರಿ 8ರಂದು ಆರಂಭವಾಯಿತು. ಆ ರೇಡಿಯೋ ಕೂಡ ಜನರ ಲಕ್ಷ್ಯವನ್ನು ಬೇಡಿತ್ತು. ಆದರೆ ವಾರ್ತೆಗೆ ಒಂದು ಹೊತ್ತು, ಸಂಗೀತಕ್ಕೆ ಒಂದು ಹೊತ್ತು ಎಂಬ ನಿಯಮ ಅದಕ್ಕಿತ್ತು. ಮನೆಮಂದಿ ಒಟ್ಟಿಗೆ ಕುಳಿತು ಕೇಳುತ್ತಿದ್ದರು. ಕಾರ್ಯಕ್ರಮ ಮುಗಿಯಿತೆಂದರೆ ಮುಗಿಯಿತು. ಇಂದಿನ ಮೊಬೈಲಿಗೆ ಮುಗಿಯುವುದೆಂಬುದಿಲ್ಲ. ಬೆರಳಿನಿಂದ ಮೇಲಕ್ಕೆ ಸರಿಸಿದಷ್ಟೂ ಹೊಸದು ಬರುತ್ತಲೇ ಇರುತ್ತದೆ. ಬಾಗಿಲು ಹಾಕುವ ಹೊತ್ತೇ ಇಲ್ಲದ ಅಂಗಡಿಯದು. ಅಲ್ಲದೆ ಮನೆಯಲ್ಲಿ ನಾಲ್ವರಿದ್ದರೆ ನಾಲ್ವರಿಗೆ ನಾಲ್ಕು ಅಂಗಡಿಗಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಿಂದ, ಇಂತಹ ಯಂತ್ರಗಳ ಅತಿಬಳಕೆಯಿಂದ ತೊಂದರೆಗೊಳಗಾದವರಿಗಾಗಿಯೇ ಒಂದು ಪ್ರತ್ಯೇಕ ಚಿಕಿತ್ಸಾಲಯ ನಡೆಯುತ್ತಿದೆ. ಆಸ್ಟ್ರೇಲಿಯಾ ದೇಶವು 16 ವರ್ಷದೊಳಗಿನ ಮಕ್ಕಳು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ 2024ರಲ್ಲಿ ಕಾನೂನು ಮಾಡಿತು. ಅದು 2025ರ ಡಿಸೆಂಬರ್‌ನಿಂದ ಜಾರಿಗೆ ಬಂದಿತು. ಸಮಸ್ಯೆಯು ಎಲ್ಲೋ ದೂರದ್ದೂ ಅಲ್ಲ, ಸಣ್ಣದೂ ಅಲ್ಲ ಎಂಬುದಕ್ಕೆ ಇಷ್ಟು ಸಾಕು.

ಧರ್ಮಬಂಧುಗಳೇ, ನಮ್ಮ ಆಚಾರ್ಯರು ಮೊಬೈಲನ್ನು ಕಂಡವರಲ್ಲ; ಆದರೆ ಅದನ್ನು ಬಯಸುವ ಮನಸ್ಸನ್ನು ಚೆನ್ನಾಗಿ ಕಂಡಿದ್ದರು. ಪ್ರಮಾದಗಳನ್ನು ಎಣಿಸುವಾಗ ಅವರು ಹದಿನೈದು ಹೆಸರುಗಳನ್ನು ಹೇಳಿದ್ದಾರೆ: ನಾಲ್ಕು ವಿಕಥೆಗಳು, ನಾಲ್ಕು ಕಷಾಯಗಳು, ಐದು ಇಂದ್ರಿಯಗಳು, ನಿದ್ರೆ ಮತ್ತು ಪ್ರಣಯ. ಎಣಿಕೆಯಲ್ಲಿ ವಿಕಥೆಗಳೇ ಮೊದಲು. ಸ್ತ್ರೀಕಥೆ, ಭೋಜನಕಥೆ, ರಾಷ್ಟ್ರಕಥೆ, ರಾಜಕಥೆ ಎಂಬವೇ ಆ ನಾಲ್ಕು. ಇಂದು ರಾತ್ರಿ ಮಲಗುವ ಮುನ್ನ ತಾವು ತಮ್ಮ ಮೊಬೈಲನ್ನು ತೆರೆದು, ಬಂದಿರುವುದನ್ನು ಈ ನಾಲ್ಕು ಖಾತೆಗಳಿಗೆ ಜಮಾ ಮಾಡಿ ನೋಡಿರಿ. ನಟಿಯರ ಸುದ್ದಿ ಮೊದಲನೆಯದಕ್ಕೆ, ಅಡುಗೆ ತಿಂಡಿಗಳ ಚಿತ್ರ ಎರಡನೆಯದಕ್ಕೆ, ಊರು-ದೇಶಗಳ ಗಾಳಿಮಾತು ಮೂರನೆಯದಕ್ಕೆ, ರಾಜಕಾರಣಿಗಳ ಜಗಳ ನಾಲ್ಕನೆಯದಕ್ಕೆ ಹೋಗುತ್ತದೆ. ಉಳಿಯುವುದು ಬಹಳ ಕಡಿಮೆ.

ವಿಕಥೆಯಿಂದ ಕೇಡಾಗುವುದು ಕೇಳಿದವನಿಗಷ್ಟೇ ಅಲ್ಲ, ಸಮಾಜಕ್ಕೂ ಕೂಡ. ಕೆಲವು ವರ್ಷಗಳ ಹಿಂದೆ ನಮ್ಮ ಪೇಟೆಯ ಒಬ್ಬ ಸದ್‌ಗೃಹಸ್ಥರ ವಿಷಯವಾಗಿ, ಅವರ ವ್ಯಾಪಾರ ಮುಳುಗಿತೆಂಬ ಒಂದು ಸಾಲಿನ ಸಂದೇಶ ಯಾರಿಂದಲೋ ಹೊರಟಿತು. ಸಾಯಂಕಾಲದೊಳಗೆ ಅದು ನೂರಾರು ಮೊಬೈಲುಗಳನ್ನು ತಲುಪಿತು. ಅದನ್ನು ಕಳಿಸಿದವರಲ್ಲಿ ಯಾರಿಗೂ ದ್ವೇಷವಿರಲಿಲ್ಲ. ಬಂದದ್ದನ್ನು ಮುಂದೂಡಿದರು, ಅಷ್ಟೇ. ಮರುದಿನದಿಂದ ಉದ್ರಿ ಕೊಡುವವರು ಕೈ ಹಿಡಿದರು, ಕೊಟ್ಟಿದ್ದವರು ಬಾಗಿಲಿಗೆ ಬಂದರು. ಸುಳ್ಳೆಂದು ತಿಳಿಯಲು ಒಂದು ತಿಂಗಳು ಬೇಕಾಯಿತು. ಆ ತಿಂಗಳಲ್ಲಿ ನಿಶ್ಚಯವಾಗಿದ್ದ ಮಗಳ ಸಂಬಂಧವೊಂದು ತಪ್ಪಿಹೋಗಿತ್ತು. ಸುದ್ದಿ ಸುಳ್ಳೆಂಬ ಸಂದೇಶವೂ ಆಮೇಲೆ ಬಂತು; ಆದರೆ ಅದನ್ನು ಮುಂದೂಡುವ ಅವಸರ ಯಾರಿಗೂ ಇರಲಿಲ್ಲ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿ ನೀರನ್ನೂ ಸೋಸಿ ಕುಡಿಯುವ ನಾವು, ಮಾತನ್ನು ಸೋಸದೆ ಕಳಿಸಿದರೆ ಹೀಗಾಗುತ್ತದೆ.

ಹಾಗಾದರೆ ಈ ಯಂತ್ರವನ್ನೇ ಒಗೆಯಬೇಕೇ? ನಾನು ಹಾಗೆನ್ನುವುದಿಲ್ಲ. ನನ್ನ ತಕ್ಕಡಿಯ ಪಕ್ಕದಲ್ಲಿಯೂ ಹಣ ಜಮಾ ಆಗುವ ಚೌಕದ ಚಿತ್ರ ಅಂಟಿಸಿದೆ. ಮಾರುಕಟ್ಟೆಯ ಧಾರಣೆ ಅದರಲ್ಲಿಯೇ ಬರುತ್ತದೆ. ದೂರದ ಊರಿನಲ್ಲಿರುವ ಮಕ್ಕಳ ಮುಖವನ್ನು ತಾಯಂದಿರು ಅದರಲ್ಲಿಯೇ ಕಾಣುತ್ತಾರೆ. ಶ್ರಾವಕಧರ್ಮವು ಸಂಸಾರದಲ್ಲಿರುವವನಿಗೆ ಅಸಾಧ್ಯವಾದುದನ್ನು ಕೇಳುವುದಿಲ್ಲ. ಅದು ಹೇಳುವುದು ಅನರ್ಥದಂಡ ವಿರತಿಯನ್ನು. ಪ್ರಯೋಜನವಿದ್ದು ಮಾಡುವ ಕ್ರಿಯೆ ಬೇರೆ, ಪ್ರಯೋಜನವೇ ಇಲ್ಲದೆ ಪಾಪವನ್ನು ಕಟ್ಟಿಕೊಳ್ಳುವುದು ಬೇರೆ. ಎರಡನೆಯದನ್ನು ಬಿಡು ಎನ್ನುತ್ತದೆ. ಅದರ ಐದು ಪ್ರಕಾರಗಳಲ್ಲಿ ಪರರ ಕೇಡನ್ನು ಚಿಂತಿಸುವ ಅಪಧ್ಯಾನವಿದೆ, ಉದ್ದೇಶವಿಲ್ಲದೆ ಮಾಡುವ ಪ್ರಮಾದಚರ್ಯೆಯಿದೆ, ಮನಸ್ಸನ್ನು ಕದಡುವುದನ್ನು ಕೇಳುವ ದುಃಶ್ರುತಿಯಿದೆ. ಆದ್ದರಿಂದ ಮೊಬೈಲನ್ನು ಕೈಗೆತ್ತಿಕೊಳ್ಳುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಅರ್ಥಕ್ಕಾಗಿಯೋ, ಅನರ್ಥಕ್ಕಾಗಿಯೋ? ಧಾರಣೆ ನೋಡಲು ತೆಗೆದುಕೊಂಡು, ಧಾರಣೆ ನೋಡಿದ ಮೇಲೂ ಅರ್ಧ ತಾಸು ಕೈಯಲ್ಲಿಯೇ ಉಳಿದರೆ, ಮೊದಲನೆಯ ನಿಮಿಷ ಅರ್ಥದ್ದು, ಉಳಿದದ್ದು ಅನರ್ಥದ್ದು.

ಬಿಡಬೇಕಾದುದನ್ನು ತೋರಿಸಿ ಆಚಾರ್ಯರು ಸುಮ್ಮನಾಗಲಿಲ್ಲ, ಹಿಡಿಯಬೇಕಾದುದನ್ನೂ ಕೊಟ್ಟರು. ಅದೇ ಸಾಮಾಯಿಕ. ಎರಡು ಘಳಿಗೆ, ಅಂದರೆ 48 ನಿಮಿಷ. ಇದಕ್ಕೆ ಒಂದು ಮುಹೂರ್ತವೆಂದು ಹೆಸರು. ದಿನಕ್ಕೆ ಮೂವತ್ತು ಮುಹೂರ್ತಗಳಿವೆ. ಅದರಲ್ಲಿ ಒಂದನ್ನಾದರೂ ಲಾಭ-ನಷ್ಟ, ಮಿತ್ರ-ಶತ್ರು, ಸುಖ-ದುಃಖಗಳಲ್ಲಿ ಸಮನಾಗಿ ನಿಲ್ಲುವುದಕ್ಕೆ ಮೀಸಲಿಡು ಎನ್ನುತ್ತಾರೆ. ಚದುರಿದ ಚಿಂತೆಯನ್ನು ಒಂದರಲ್ಲಿ ನಿಲ್ಲಿಸುವುದೇ ಧ್ಯಾನವೆಂದು ಹೇಳಿದ ಉಮಾಸ್ವಾಮಿಗಳು, ಉತ್ತಮ ದೇಹಶಕ್ತಿಯುಳ್ಳವರಿಗೂ ಅದು ಮುಹೂರ್ತದೊಳಗಿನ ಕಾಲವಷ್ಟೇ ನಿಲ್ಲುವುದೆಂದು ಮಿತಿಯನ್ನೂ ತಿಳಿಸಿದ್ದಾರೆ. ಮನಸ್ಸಿನ ತೂಕ ಎಷ್ಟು ತಾಳುತ್ತದೆಂಬುದನ್ನು ಬಲ್ಲವರು ಹೇಳಿದ ಮಾತಿದು.

ಸಾಮಾಯಿಕಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರವೂ ಸಮಂತಭದ್ರ ಸ್ವಾಮಿಗಳ ರತ್ನಕರಂಡಕವೂ ಹೇಳುತ್ತವೆ. ಮನಸ್ಸು ಬೇರೆಡೆ ಹರಿಯುವುದು, ಮಾತು ತಪ್ಪುವುದು, ಮೈ ಚಂಚಲವಾಗುವುದು, ಆದರವಿಲ್ಲದಿರುವುದು, ಮಾಡುತ್ತಿರುವುದನ್ನೇ ಮರೆಯುವುದು. ಈ ಪಟ್ಟಿಯನ್ನು ನೋಡಿದಾಗ ನನಗೆ ಧೈರ್ಯ ಬರುತ್ತದೆ. ಜಪಮಣಿ ಕೈಯಲ್ಲಿರುವಾಗ ಮನಸ್ಸು ಗಲ್ಲೆಯ ಕಡೆಗೆ ಓಡುವುದು ನಮ್ಮ ಕಾಲದ ಹೊಸ ರೋಗವಲ್ಲ. ಅಂದಿನ ಶ್ರಾವಕನೂ ಹಾಗೆಯೇ ಇದ್ದ. ಓಡಿದ ಮನಸ್ಸನ್ನು ಮರಳಿ ತರುವುದೇ ಅಭ್ಯಾಸ. ಇದಕ್ಕೆ ಶಿಕ್ಷಾವ್ರತವೆಂದು ಹೆಸರಿಟ್ಟಿರುವುದು ಅದಕ್ಕೇ. ಶಿಕ್ಷೆಯೆಂದರೆ ಇಲ್ಲಿ ದಂಡನೆಯಲ್ಲ, ಕಲಿಕೆ.

‘ನಮಗೆ ಹೊತ್ತಿಲ್ಲ’ ಎನ್ನುವವರಿಗೆ ನಮ್ಮ ನಾಡಿನ ಇಬ್ಬರನ್ನು ನೆನಪಿಸುತ್ತೇನೆ. ಚಾವುಂಡರಾಯನು ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದನು. ಆತನಿಗಿಂತ ಹೆಚ್ಚಿನ ಗಡಿಬಿಡಿ ನಮ್ಮಲ್ಲಿ ಯಾರಿಗಿದೆ? ಆದರೂ 978ರಲ್ಲಿ ಅರವತ್ತಮೂರು ಶಲಾಕಾಪುರುಷರ ಚರಿತ್ರೆಯನ್ನು ಕನ್ನಡ ಗದ್ಯದಲ್ಲಿ ಬರೆದು ಮುಗಿಸಿದನು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. 1007ರಲ್ಲಿ ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಲಕ್ಕುಂಡಿ ನಮಗೆ ಬೆಳಿಗ್ಗೆ ಹೋಗಿ ಸಂಜೆ ಮರಳುವಷ್ಟು ಹತ್ತಿರ. ಓಲೆಗರಿಯ ಮೇಲೆ ಕಂಠದಿಂದ ಒಂದೊಂದೇ ಅಕ್ಷರ ಕೊರೆದು ಮಾಡಿದ ಸಾವಿರ ಪ್ರತಿಗಳು! ಅವುಗಳ ಹಿಂದೆ ಅದೆಷ್ಟು ಜನ ಲಿಪಿಕಾರರ ಏಕಾಗ್ರತೆ ಇದ್ದಿರಬೇಕು! ಆ ತಾಯಿಯ ಶಾಸ್ತ್ರದಾನದಲ್ಲಿ ಹೊನ್ನಿನ ಜೊತೆಗೆ ಅವರೆಲ್ಲರ ಚಿತ್ತವೂ ಸೇರಿತ್ತು.

ಆದರೆ ಇಷ್ಟೆಲ್ಲ ಕೇಳಿ ಮನೆಗೆ ಹೋದ ಮೇಲೆ ಒಬ್ಬೊಬ್ಬರೇ ಇದನ್ನು ನಡೆಸುವುದು ಕಷ್ಟ. ನಮ್ಮ ಓಣಿಯ ಒಬ್ಬ ತರುಣ ನನಗೆ ಹೇಳಿದ: “ಕಾಕಾ, ನೀವು ಹೇಳೋದು ಖರೆ. ಆದ್ರ ನಾ ಒಬ್ಬನ ಮೊಬೈಲ್ ಬಂದ್ ಮಾಡಿ ಕುಂತರ, ಉಳಿದವರೆಲ್ಲ ಅದರೊಳಗ ಇರತಾರ. ನಾ ಯಾರ ಕೂಡ ಮಾತಾಡಲಿ?” ಅವನ ಮಾತಿನಲ್ಲಿ ತಥ್ಯವಿದೆ. ಒಬ್ಬನಿಗೆ ಇದು ತಪಸ್ಸು. ಎಲ್ಲರೂ ಕೂಡಿದರೆ ರೂಢಿ. ರಾತ್ರಿಭೋಜನ ತ್ಯಾಗವನ್ನೇ ನೋಡಿರಿ. ಸೂರ್ಯ ಮುಳುಗುವ ಮುಂಚೆ ಊಟವೆಂದು ಮನೆಯಲ್ಲಿ ನಿಯಮವಿದ್ದರೆ, ಎಲ್ಲರೂ ಒಂದೇ ಹೊತ್ತಿಗೆ ಸೇರಲೇಬೇಕು. ಆ ಹೊತ್ತನ್ನು ಅಪ್ಪನು ನಿಶ್ಚಯಿಸಿದ್ದಲ್ಲ, ಮಗನು ನಿಶ್ಚಯಿಸಿದ್ದಲ್ಲ, ಸೂರ್ಯನು ನಿಶ್ಚಯಿಸಿದ್ದು. ಆದ್ದರಿಂದ ಅದರ ಬಗೆಗೆ ಜಗಳವಿಲ್ಲ. ಆ ಮನೆಯ ಚಿಕ್ಕ ಕೂಸು ಯಾವ ಉಪದೇಶವಿಲ್ಲದೆ ವ್ರತವನ್ನು ಕಲಿಯುತ್ತದೆ. ಜೀವದಯೆಗಾಗಿ ಹುಟ್ಟಿದ ಆ ನಿಯಮವು ಮನೆಮಂದಿಯನ್ನು ಕೂಡಿಸುವ ಕೆಲಸವನ್ನೂ ಶತಮಾನಗಳಿಂದ ಮಾಡುತ್ತ ಬಂದಿದೆ.

ಇದನ್ನೇ ಇಂದಿನ ರೀತಿಯಲ್ಲಿ ಮಾಡಿ ತೋರಿಸಿದ ಹಳ್ಳಿಗಳು ನಮ್ಮ ನೆರೆಯಲ್ಲಿಯೇ ಇವೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಎಂಬ ಗ್ರಾಮದಲ್ಲಿ 2022ರಲ್ಲಿ ಒಂದು ನಿರ್ಣಯವಾಯಿತು. ಕೊರೋನಾ ಕಾಲದಲ್ಲಿ ಪಾಠಕ್ಕೆಂದು ಮಕ್ಕಳ ಕೈಗೆ ಬಂದ ಮೊಬೈಲು, ಶಾಲೆ ತೆರೆದ ಮೇಲೂ ಕೈಬಿಡದಿದ್ದುದೇ ಅದಕ್ಕೆ ಕಾರಣ. ಸಾಯಂಕಾಲ 7 ಗಂಟೆಗೆ ಊರ ದೇವಸ್ಥಾನದಿಂದ ಸೈರನ್ ಕೂಗುತ್ತದೆ, ಮನೆಮನೆಯಲ್ಲಿ ಟಿವಿ, ಮೊಬೈಲು ಬಂದಾಗುತ್ತವೆ, ಮಕ್ಕಳು ಓದಲು, ದೊಡ್ಡವರು ಓದಲು ಇಲ್ಲವೆ ಮಾತನಾಡಲು ಕುಳಿತುಕೊಳ್ಳುತ್ತಾರೆ, 8.30ಕ್ಕೆ ಎರಡನೆಯ ಸೈರನ್. ಈ ಒಂದೂವರೆ ತಾಸು ಹೆಚ್ಚುಕಡಿಮೆ ಎರಡು ಮುಹೂರ್ತ. 2024ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಹತ್ತಿರದ ಹಲಗಾ ಗ್ರಾಮವೂ ಸಂಜೆ 7 ಗಂಟೆಯ ಸೈರನ್ನಿನೊಂದಿಗೆ ಇಂತಹದೇ ಕ್ರಮವನ್ನು ಕೈಕೊಂಡಿತು. ಅಲ್ಲಿ ಕೆಲಸ ಮಾಡಿದ್ದು ಯಂತ್ರವಲ್ಲ. ಎಲ್ಲರೂ ಒಪ್ಪಿಕೊಂಡ ಒಂದು ಹೊತ್ತು. ಪಕ್ಕದ ಮನೆಯಲ್ಲಿಯೂ ಟಿವಿ ಬಂದಾಗಿದೆಯೆಂದು ತಿಳಿದ ಹುಡುಗನು ಹಟ ಮಾಡುವುದಿಲ್ಲ.

ಒಂದು ಹಳ್ಳಿಗೆ ಸಾಧ್ಯವಾದುದು ಒಂದು ಬಸದಿಯ ಸುತ್ತಲಿನ ಮನೆಗಳಿಗೆ ಸಾಧ್ಯವಾಗಲಾರದೇ? ಪಂಚಕಲ್ಯಾಣದ ದಿನಗಳಲ್ಲಿ ಈ ಮಂಟಪದಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಬಹಳ ಕಡೆಗಳಲ್ಲಿ ಪ್ರತಿಷ್ಠೆ ವೈಭವದಿಂದ ನಡೆದು, ವರ್ಷ ತುಂಬುವುದರೊಳಗೆ ಅರ್ಚಕರೊಬ್ಬರೇ ಬಾಗಿಲು ತೆರೆದು, ಅಭಿಷೇಕ ಮಾಡಿ, ಬಾಗಿಲು ಹಾಕಿಕೊಂಡು ಹೋಗುವುದನ್ನು ನಾವು ಕಂಡಿದ್ದೇವೆ. ನಮ್ಮ ಬಸದಿಗೆ ಆ ಸ್ಥಿತಿ ಬಾರದಿರಲೆಂಬ ಕಳಕಳಿಯಿಂದ ನಾಲ್ಕು ಸೂಚನೆಗಳನ್ನು ಸಮಾಜದ ಮುಂದಿಡುತ್ತೇನೆ.

ಮೊದಲನೆಯದು, ಪ್ರತಿದಿನ ಸಂಜೆಯ ಆರತಿಯ ನಂತರ ಒಂದು ಮುಹೂರ್ತ ಸಾಮೂಹಿಕ ಸಾಮಾಯಿಕ ಮತ್ತು ಸ್ವಾಧ್ಯಾಯ. ಬಾಗಿಲಲ್ಲಿ ಚಪ್ಪಲಿ ಬಿಡುವಂತೆ ಮೊಬೈಲನ್ನೂ ಬಿಡಲು ಖಾನೆಗಳಿರುವ ಒಂದು ಕಪಾಟು ಇರಲಿ. ಆ ಕಪಾಟಿನ ಖರ್ಚನ್ನು ನಾನು ವಹಿಸಿಕೊಳ್ಳುತ್ತೇನೆ. ಅಂಗಡಿ ಬಿಟ್ಟು ಬರಲಾಗದವರು, ಅಡುಗೆಮನೆ ಬಿಟ್ಟು ಬರಲಾಗದ ತಾಯಂದಿರು ಮನೆಯಲ್ಲಿಯೇ ಅದೇ ಹೊತ್ತನ್ನು ಪಾಲಿಸಲಿ. ಬಸದಿಯ ಗಂಟೆಯೇ ಅದಕ್ಕೆ ಸೂಚನೆ.

ಎರಡನೆಯದು, ಸ್ವಾಧ್ಯಾಯವು ಒಬ್ಬರು ಹೇಳಿ ಉಳಿದವರು ತೂಕಡಿಸುವ ಕಾರ್ಯಕ್ರಮವಾಗಬಾರದು. ಶಾಸ್ತ್ರವು ಅದಕ್ಕೆ ಓದುವುದು, ಪ್ರಶ್ನಿಸುವುದು, ಚಿಂತಿಸುವುದು, ಮರಳಿ ಹೇಳಿ ಬಾಯಿಪಾಠ ಮಾಡುವುದು, ಇನ್ನೊಬ್ಬರಿಗೆ ತಿಳಿಸುವುದು ಎಂದು ಐದು ಅಂಗಗಳನ್ನು ಹೇಳಿದೆ. ಎರಡನೆಯ ಸ್ಥಾನವೇ ಪ್ರಶ್ನೆಗೆ ಮೀಸಲು ಎಂಬುದನ್ನು ಗಮನಿಸಿರಿ. ಮಕ್ಕಳು ಪ್ರಶ್ನೆ ಕೇಳಲಿ; ಉತ್ತರ ಗೊತ್ತಿಲ್ಲದಿದ್ದರೆ ಪಂಡಿತರನ್ನು ಕೇಳಿ ಮರುದಿನ ಹೇಳೋಣ. ಆದರೆ ಯಾರನ್ನೂ ಕಿವಿ ಹಿಡಿದು ತರಬೇಡಿರಿ. ಅನಾದರವೂ ಒಂದು ಅತಿಚಾರವೇ ಎಂಬುದನ್ನು ಆಗಲೇ ಅರಿಕೆ ಮಾಡಿದ್ದೇನೆ.

ಮೂರನೆಯದು, ನಮ್ಮ ಸಮಾಜದ ವಾಟ್ಸಾಪ್ ಗುಂಪು ಪೂಜೆ, ಸಭೆ, ಸುಖ-ದುಃಖದ ಸೂಚನೆಗಳಿಗಷ್ಟೇ ಇರಲಿ. ಯಾವುದೇ ವ್ಯಕ್ತಿಯ ಮಾನಕ್ಕೆ ಸಂಬಂಧಿಸಿದ ಮಾತನ್ನು ಅಲ್ಲಿ ಹಾಕತಕ್ಕದ್ದಲ್ಲ. ಭಿನ್ನಾಭಿಪ್ರಾಯ ಬಂದರೆ ಹಿರಿಯರ ಮುಂದೆ, ಎದುರುಬದುರು ಕುಳಿತು ಮುಗಿಸೋಣ. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣದಲ್ಲಿ ಹಿರಿಯರಾದವರನ್ನು ಕಂಡರೆ ಪ್ರಮೋದ, ಕಷ್ಟದಲ್ಲಿರುವವರಲ್ಲಿ ಕಾರುಣ್ಯ, ಹೇಳಿದ್ದನ್ನು ಕೇಳದವರಲ್ಲಿ ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳು ನಮಗಿವೆ. ಗುಂಪಿನ ಜಗಳಗಳಲ್ಲಿ ನಾವು ಬಹಳವಾಗಿ ಮರೆಯುವುದು ಕೊನೆಯದನ್ನು. ಉತ್ತರ ಕೊಡದೆ ಸುಮ್ಮನಿರುವುದೂ ಒಂದು ಧರ್ಮ.

ನಾಲ್ಕನೆಯದು ಕ್ಷಮಾವಣಿಯ ವಿಷಯ. ದಶಲಕ್ಷಣ ಪರ್ವ ಮುಗಿದ ಮೇಲೆ ನಾವು ಒಂದು ಸುಂದರವಾದ ಚಿತ್ರವನ್ನು ಮುನ್ನೂರು ಜನರಿಗೆ ಏಕಕಾಲಕ್ಕೆ ಕಳಿಸುತ್ತೇವೆ. ಅವರಲ್ಲಿ ಇನ್ನೂರತೊಂಬತ್ತೊಂಬತ್ತು ಜನರೊಡನೆ ನಮಗೆ ಮನಸ್ತಾಪವೇ ಇರುವುದಿಲ್ಲ. ಮನಸ್ತಾಪವಿರುವ ಒಬ್ಬನಿಗೆ ಕಳಿಸಿದರೂ ಅದು ಅವನಿಗಾಗಿ ಬಂದುದಲ್ಲವೆಂದು ಅವನು ಬಲ್ಲ. ಬರುವ ಕ್ಷಮಾವಣಿಗೆ ಚಿತ್ರ ಕಳಿಸುವುದನ್ನು ಬಿಟ್ಟು, ಆ ಒಬ್ಬನ ಮನೆಗೆ ನಡೆದು ಹೋಗೋಣ. ಮಾಳಮಡ್ಡಿಯಲ್ಲಿ ಯಾವ ಮನೆಯೂ ನಡೆದು ಹೋಗಲಾರದಷ್ಟು ದೂರವಿಲ್ಲ.

ಬಂಧುಗಳೇ, ಕೇವಲಜ್ಞಾನ ಕಲ್ಯಾಣದ ದಿನ ನೇತ್ರೋನ್ಮೀಲನದ ವಿಧಿಯು ನೆರವೇರಿತು. ಆ ಕಣ್ಣುಗಳು ಪೂರ್ತಿ ತೆರೆದೂ ಇಲ್ಲ, ಮುಚ್ಚಿಯೂ ಇಲ್ಲ, ನಾಸಾಗ್ರದಲ್ಲಿ ನೆಲೆಸಿವೆ. ಎದುರಿಗೆ ಶ್ರೀಮಂತ ಬರಲಿ, ಬಡವ ಬರಲಿ, ಆ ದೃಷ್ಟಿ ಕದಲುವುದಿಲ್ಲ. ಆ ಮೂರ್ತಿಯ ಮುಂದೆ ನಿಂತು ನಾವು ಬೇಡಬೇಕಾದ ಧನಕನಕ ಯಾವುದೂ ಇಲ್ಲ. ವೀತರಾಗನು ಕೊಡುವವನೂ ಅಲ್ಲ. ಹಾಗೆ ಕುಳಿತುಕೊಳ್ಳುವುದನ್ನು ಆತನಿಂದ ನೋಡಿ ಕಲಿಯಬಹುದು. ದಿನಕ್ಕೆ ಎರಡು ಘಳಿಗೆ, ನಾವೆಲ್ಲ ಒಟ್ಟಿಗೆ ಕುಳಿತು ಕಲಿತರೆ, ಈ ಶಿಲೆಗೆ ನಾವು ಮಾಡಿದ ಖರ್ಚೂ ಶ್ರಮವೂ ಸಾರ್ಥಕವಾಗುವುವು.

ನಾಳೆ ಸಂಜೆ ಆರತಿಯ ನಂತರ ಮೊದಲನೆಯ ಮುಹೂರ್ತವನ್ನು ಆರಂಭಿಸಲು ಪೂಜ್ಯ ಮಹಾರಾಜರು ಆಶೀರ್ವಾದ ಮಾಡಬೇಕೆಂದು ಪ್ರಾರ್ಥಿಸುತ್ತೇನೆ. ಹತ್ತು ಜನ ಬಂದರೂ ಸಾಕು. ನನ್ನ ಮಾತಿನಲ್ಲಿ ಆಗಮಕ್ಕೆ ಹೊಂದದ್ದೇನಾದರೂ ಇದ್ದರೆ ಬಲ್ಲವರು ತಿದ್ದಬೇಕು.